ಚೀಟಿಯ ಹಿಂಬದಿಯಲ್ಲಿ ಬರೆದ ಹೆಸರು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟವಿದೆ. ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ತಮ್ಮನಿಗೆ ಇಪ್ಪತ್ತು ವರ್ಷ, ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಎರಡು ಸುಗ್ಗಿ ರಾತ್ರಿಯೆಲ್ಲ ಅಡಿಕೆ ಸುಲಿದು ಹದಿನೆಂಟು ಸಾವಿರ ಕೂಡಿಟ್ಟಿದ್ದಾನೆ. ಆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಬೇಕೆಂದು ಅವನಿಗೆ ಆಸೆ. ಅವನ ಹೈಸ್ಕೂಲು ಗೆಳೆಯರು ಮೂವರು ಬೆಂಗಳೂರು, ಪುಣೆ, ದುಬೈ ಸೇರಿದ್ದಾರೆ. ರಾತ್ರಿ ಮೂವರೂ ಆನ್‌ಲೈನಿನಲ್ಲಿ ಒಂದೇ ಆಟ ಆಡುತ್ತಾರೆ. ಇವನು ಮೊಬೈಲಿನಲ್ಲಿ ಅವರ ಮಾತು ಕೇಳುತ್ತಾ ಕೂತಿರುತ್ತಾನೆ. ನೋಡಿದರೆ ಸಂಕಟವಾಗುತ್ತದೆ. ನಾನು ಮೂವತ್ತು ಸಾವಿರ ಕೊಡಬಲ್ಲೆ. ಆದರೆ ಅಂಗಡಿಯವರು 86,000 ರೂಪಾಯಿಯ ಕೊಟೇಶನ್ ಕೊಟ್ಟು, ಇದಕ್ಕಿಂತ ಕಡಿಮೆಗೆ ಗೇಮಿಂಗ್ ಆಗುವುದೇ ಇಲ್ಲ ಎಂದರು. ಅಪ್ಪಯ್ಯನಂತೂ ಆನ್‌ಲೈನ್ ಆಟ ಎಂದರೆ ಸಾಕು, ರಮ್ಮಿಯಲ್ಲಿ ದುಡ್ಡು ಕಳಕೊಂಡವರ ಮಾತು ತೆಗೆಯುತ್ತಾರೆ. ಓದಿಗೆ ಬೇಕು ಎಂದು ಹೇಳಿ ತರಿಸಿಬಿಡಲೇ? ಅಥವಾ ಈ ದುಡ್ಡೆಲ್ಲ ಹೊಳೆಗೆ ಹಾಕಿದ ಹಾಗೆಯೇ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ದುಡ್ಡಿನ ಲೆಕ್ಕ ಮೂರು ಕಡೆ ಬಂದಿದೆ, ಆಟದ ಹೆಸರು ಒಂದು ಕಡೆಯೂ ಇಲ್ಲ. ಅದು ನನಗೆ ಸಿಕ್ಕಿದ್ದು ನೀವು ಕಳಿಸಿದ ಕೊಟೇಶನ್ ಚೀಟಿಯ ಹಿಂಬದಿಯಲ್ಲಿ. ಪೆನ್ಸಿಲಿನಲ್ಲಿ ಸಣ್ಣಗೆ ‘ಗಿಲ್ಡ್ ವಾರ್ಸ್ 2’ ಎಂದು ಬರೆದಿದೆ. ನಿಮ್ಮ ತಮ್ಮನ ಅಕ್ಷರವೇ ಇರಬೇಕು. ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಹೇಳೋಣವೆಂದು ಬರೆದುಕೊಂಡಿದ್ದನೋ ಏನೋ. ಯಾರೂ ಕೇಳಲಿಲ್ಲ ಎನ್ನುವುದಕ್ಕೆ ಚೀಟಿಯ ಮುಂಬದಿಯೇ ಸಾಕ್ಷಿ.

ಈ ಹೆಸರು ತಿಳಿದ ಮೇಲೆ 86,000ದ ಮಾತು ನಿಲ್ಲುವುದಿಲ್ಲ. ಗಿಲ್ಡ್ ವಾರ್ಸ್ 2 ಬಿಡುಗಡೆಯಾದದ್ದು 2012ರಲ್ಲಿ. ನಡುವೆ ಅದನ್ನು ತಿದ್ದಿ ಸುಧಾರಿಸುತ್ತಾ ಬಂದಿದ್ದಾರೆ, ಆದರೂ ಅದರ ಬುಡ ಆ ಕಾಲದ್ದೇ. ಮೂಲ ಆಟ ಉಚಿತ, ತಿಂಗಳ ಶುಲ್ಕವಿಲ್ಲ. ಮುಂದಿನ ಭಾಗಗಳು ಬೇಕಾದರೆ ಒಂದು ಸಲ ಕೊಂಡರಾಯಿತು. ಪಾತ್ರಧಾರಿ ಏರಬಹುದಾದ ಕೊನೆಯ ಮೆಟ್ಟಿಲು 80. ಆಟ ಬಂದ ದಿನದಿಂದ ಅದನ್ನು ಏರಿಸಿಲ್ಲ. ಹಾಗಾಗಿ ಮೂರು ತಿಂಗಳು ಪರೀಕ್ಷೆಗೆಂದು ಆಟ ಬಿಟ್ಟು ಬಂದರೂ ಗೆಳೆಯರ ಹಿಂದೆ ಬೀಳುವ ಭಯವಿಲ್ಲ. ಡಿಪ್ಲೊಮಾ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಆಟವನ್ನು ನಾನೇ ಹುಡುಕಿ ಕೊಟ್ಟರೂ ಸಿಗುತ್ತಿರಲಿಲ್ಲ.

ಇಂಥ ಆಟಗಳು ಕಂಪ್ಯೂಟರಿನಿಂದ ಏನು ಬೇಡುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಂಗಡಿಯ ಲೆಕ್ಕ ತಪ್ಪಿರುವುದು ಅಲ್ಲಿಯೇ. ಒಬ್ಬನೇ ಕೂತು ಆಡುವ ಹೊಸ ಯುದ್ಧದ ಆಟಗಳಲ್ಲಿ ಹೆಚ್ಚಿನ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ನೂರಾರು ಜನ ಸೇರಿ ಆಡುವ ಈ ಬಗೆಯ ಆಟದಲ್ಲಿ ಕಥೆ ಬೇರೆ. ದೊಡ್ಡದೊಂದು ಡ್ರ್ಯಾಗನ್ ಮೇಲೆ ಐವತ್ತು ಜನ ಒಟ್ಟಿಗೆ ಏರಿ ಹೋದಾಗ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಏಟು ಯಾರಿಗೆ ಬಿತ್ತು, ಯಾರು ಯಾವ ಬಟ್ಟೆ ತೊಟ್ಟಿದ್ದಾರೆ ಎಂಬುದನ್ನೆಲ್ಲ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಜೋಡಿಸುವ ಕೆಲಸ ಪ್ರೊಸೆಸರಿನದು. ಗಿಲ್ಡ್ ವಾರ್ಸ್ 2 ಆ ಕೆಲಸದ ಬಹುಪಾಲನ್ನು ಪ್ರೊಸೆಸರಿನ ಒಂದೇ ಕೋರಿನ ಮೇಲೆ ಹೇರುತ್ತದೆ. ಎಂಟು ಜನ ಆಳುಗಳಿದ್ದರೂ ಕೊನೆ ಇಳಿಸಲು ಮರ ಹತ್ತುವವನು ಒಬ್ಬನೇ ಆದರೆ, ಅವನ ಚುರುಕಿನ ಮೇಲೆಯೇ ತೋಟದ ಕೆಲಸ ನಿಂತಿರುತ್ತದೆ ಅಲ್ಲವೇ, ಹಾಗೆ. ಆದ್ದರಿಂದ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಇಲ್ಲಿ ಮುಖ್ಯ.

ಈಗ ಆ ಕೊಟೇಶನ್ ನೋಡಿ. ಮೊದಲ ಸಾಲಿನಲ್ಲಿ ‘ಐ7’ ಎಂದಷ್ಟೇ ಇದೆ, ಎಷ್ಟನೇ ತಲೆಮಾರಿನದು ಎಂದಿಲ್ಲ. ಐ7 ಎಂಬ ಹೆಸರು 2008ರಿಂದ ನಡೆದು ಬಂದಿದೆ. 2013ರ ನಾಲ್ಕನೇ ತಲೆಮಾರಿನ ಹಳೆಯ ಐ7ಗೆ ಹೊಸ ಮದರ್‌ಬೋರ್ಡ್ ಜೋಡಿಸಿ, ಹೊಳೆಯುವ ಕ್ಯಾಬಿನೆಟ್ಟಿನಲ್ಲಿಟ್ಟು ಗೇಮಿಂಗ್ ಪಿಸಿ ಎಂದು ಮಾರುವವರು ಬಹಳ ಮಂದಿ ಇದ್ದಾರೆ. 2022ರಲ್ಲಿ ಬಂದ ಅಗ್ಗದ ಐ3-12100 ಅದಕ್ಕಿಂತ ಎಷ್ಟೋ ಚುರುಕು. ಎರಡನೇ ಸಾಲಿನಲ್ಲಿ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದಿದೆ, ಯಾವ ಕಾರ್ಡ್ ಎಂದಿಲ್ಲ. ಜಿಬಿ ನೋಡಿ ಕಾರ್ಡ್ ಕೊಳ್ಳುವುದು ಚೀಲದ ಗಾತ್ರ ನೋಡಿ ಅಡಿಕೆಗೆ ಬೆಲೆ ಕಟ್ಟಿದ ಹಾಗೆ. ಒಳಗಿರುವುದು ರಾಶಿಯೋ, ಬೆಟ್ಟೆಯೋ, ಗೊರಬಲೋ ಎಂದು ಕೈ ಹಾಕಿ ನೋಡಬೇಡವೇ? 2014ರ ಜಿಟಿ 730 ಕಾರ್ಡಿನಲ್ಲೂ 4 ಜಿಬಿಯದು ಸಿಗುತ್ತದೆ, ಮತ್ತು ಅದು ಈಗಿನ ಕೆಲವು ಪ್ರೊಸೆಸರುಗಳ ಒಳಗೇ ಇರುವ ಗ್ರಾಫಿಕ್ಸಿಗಿಂತ ದುರ್ಬಲ. ರ್ಯಾಮ್ 8 ಜಿಬಿಯ ಒಂದೇ ತುಂಡು. ಎಲ್ಲ ಭಾಗಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್ ‘500 ವ್ಯಾಟ್’, ಕಂಪನಿಯ ಹೆಸರಿಲ್ಲ. ಆರು ಬಣ್ಣದ ದೀಪದ ಫ್ಯಾನುಗಳ ಹೆಸರು ಮಾತ್ರ ಪೂರ್ತಿಯಾಗಿದೆ. ಈ ಚೀಟಿ ಕೊಟ್ಟವರ ಮೇಲೆ ಸಿಟ್ಟು ಬೇಡ, ಆದರೆ ಅಲ್ಲಿ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ.

ನಿಮ್ಮ ಕೈಯಲ್ಲಿರುವುದು ನಲವತ್ತೆಂಟು ಸಾವಿರ. ಕಂಪ್ಯೂಟರ್ ಜೊತೆಗೆ ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಲ್ಲ ಇದರಲ್ಲೇ ಆಗಬೇಕು. ಟಿವಿಗೇ ಜೋಡಿಸಬಹುದಲ್ಲ ಎಂದು ನಿಮಗೆ ಅನಿಸಬಹುದು. ಬೇಡ. ಅಪ್ಪಯ್ಯ ವಾರ್ತೆ ನೋಡುವ ಹೊತ್ತಿಗೂ ಇವನು ಆಡುವ ಹೊತ್ತಿಗೂ ತಿಕ್ಕಾಟ ಶುರುವಾದರೆ ಒಂದು ತಿಂಗಳಲ್ಲಿ ಮನೆಯ ನೆಮ್ಮದಿ ಹೋಗುತ್ತದೆ.

ನನ್ನ ಸಲಹೆ, ಈ ಕಂಪ್ಯೂಟರನ್ನು ಎರಡು ಕಂತಿನಲ್ಲಿ ಕಟ್ಟಿ. ಮೊದಲ ಕಂತಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಎಂಡಿಯವರ ರೈಝನ್ 5 5600ಜಿ ಎಂಬ ಪ್ರೊಸೆಸರ್ ತೆಗೆದುಕೊಳ್ಳಿ. 2021ರದು, ಆರು ಕೋರು, ಒಳಗೇ ವೇಗಾ ಎಂಬ ಗ್ರಾಫಿಕ್ಸ್ ಇದೆ. ಚಿತ್ರದ ಗುಣಮಟ್ಟವನ್ನು ಕೆಳಗೆ ಅಥವಾ ಮಧ್ಯಕ್ಕೆ ಇಟ್ಟುಕೊಂಡರೆ ಗಿಲ್ಡ್ ವಾರ್ಸ್ 2 ಇದರಲ್ಲೇ ಓಡುತ್ತದೆ. ಜನಸಂದಣಿಯಲ್ಲಿ ತೊಡರಿದರೆ ಆಟದ ಸೆಟ್ಟಿಂಗಿನಲ್ಲಿ ‘ಕ್ಯಾರೆಕ್ಟರ್ ಮಾಡೆಲ್ ಲಿಮಿಟ್’ ಎಂಬುದನ್ನು ಕೆಳಕ್ಕೆ ಇಳಿಸಲಿ. ಸುತ್ತಲಿನ ಅಪರಿಚಿತರಲ್ಲಿ ಎಷ್ಟು ಜನರನ್ನು ತೋರಿಸಬೇಕೆಂದು ತೀರ್ಮಾನಿಸುವುದು ಅದು. ನೆರಳು, ನೀರಿನ ಪ್ರತಿಬಿಂಬ ಇವನ್ನೂ ಇಳಿಸಿದರೆ ಇನ್ನಷ್ಟು ಹಗುರ. ಮದರ್‌ಬೋರ್ಡ್ ಬಿ550 ಚಿಪ್‌ಸೆಟ್ಟಿನದು ಸಿಕ್ಕರೆ ಒಳ್ಳೆಯದು, ದುಡ್ಡು ಬಿಗಿಯಾದರೆ ಎ520 ಸಾಕು. ರ್ಯಾಮ್ ಒಟ್ಟು 16 ಜಿಬಿ, ಅದೂ 8 ಜಿಬಿಯ ಎರಡು ತುಂಡು. ಈ ಮಾತನ್ನು ತಮ್ಮನಿಗೆ ಎರಡು ಸಲ ಹೇಳಿ. ಒಳಗಿನ ಗ್ರಾಫಿಕ್ಸಿಗೆ ತನ್ನದೇ ನೆನಪು ಇಲ್ಲ, ರ್ಯಾಮಿನಿಂದಲೇ ಎರವಲು ಪಡೆಯುತ್ತದೆ. 3200 ವೇಗದ ಡಿಡಿಆರ್4 ರ್ಯಾಮಿನ ಒಂದು ತುಂಡು ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, ಸರಿಯಾದ ಜಾಗದಲ್ಲಿ ಕೂರಿಸಿದ ಎರಡು ತುಂಡು 51.2 ಸಾಗಿಸುತ್ತವೆ. ಒಂದೇ ತುಂಡು ಹಾಕಿದ ಕಂಪ್ಯೂಟರಿನಲ್ಲಿ ಆಟ ಮುಗ್ಗರಿಸಿ, ಹುಡುಗರು ಪ್ರೊಸೆಸರನ್ನು ಬಯ್ಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೂರಿಸಿದ ಮೇಲೆ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಚಾಲೂ ಮಾಡಬೇಕು, ಇಲ್ಲದಿದ್ದರೆ ರ್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ.

ಬೆಲೆಗಳನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯಿಂದ ರ್ಯಾಮ್ ಬೆಲೆ ಜಿಗಿದಿದೆ. ಅಡಿಕೆ ಧಾರಣೆಯ ಹಾಗೆ ಅದೂ ಏಳುತ್ತದೆ, ಬೀಳುತ್ತದೆ. ಕೊಳ್ಳುವ ವಾರ ಮೂರು ಕಡೆ ವಿಚಾರಿಸಿ. ಹಳೆಯ ಡಿಡಿಆರ್4 ರ್ಯಾಮ್ ಪರಿಚಿತರ ಬಳಿ ಸುಸ್ಥಿತಿಯಲ್ಲಿ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ, ಅದು ಅಷ್ಟು ಸುಲಭವಾಗಿ ಕೆಡುವ ವಸ್ತುವಲ್ಲ. ಮಾನಿಟರೂ ಅಷ್ಟೇ. ಕಚೇರಿಗಳಿಂದ ಹೊರಬೀಳುವ 22, 24 ಇಂಚಿನ ಮಾನಿಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಉರಿಸಿ, ಬಿಳಿ ಪರದೆ ತರಿಸಿ ಕಲೆಗಳಿವೆಯೇ ಎಂದು ನೋಡಿ ಕೊಂಡರಾಯಿತು. ಎಸ್‌ಎಸ್‌ಡಿ ಮಾತ್ರ ಹೊಸದೇ ಇರಲಿ, 500 ಜಿಬಿಯ ಎನ್‌ವಿಎಂಇ ಸಾಕು.

ಎಸ್‌ಎಂಪಿಎಸ್ ವಿಷಯದಲ್ಲಿ ನಾನು ಹಟಮಾರಿ. ಹಲವು ವರ್ಷಗಳ ಹಿಂದೆ ಪರಿಚಿತರೊಬ್ಬರಿಗೆ ಕಂಪ್ಯೂಟರ್ ಜೋಡಿಸಿಕೊಡುವಾಗ, ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ಸನ್ನು ಹಾಗೇ ಬಿಟ್ಟೆ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂದದ್ದೇ ಅದು ಸುಟ್ಟಿತು, ಸುಡುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಅವರ ಮಗಳ ಮದುವೆಯ ಫೋಟೊಗಳಿದ್ದವು. ಅವರ ಆ ಹೊತ್ತಿನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಝ್ ಮುದ್ರೆಯ, 550 ವ್ಯಾಟಿನ ಎಸ್‌ಎಂಪಿಎಸ್ ಹೊಸದಾಗಿಯೇ ಕೊಳ್ಳಿ. ಮೊದಲ ಕಂತಿಗೆ ಅಷ್ಟು ಬೇಡ, ಎರಡನೆಯದಕ್ಕೆ ಬೇಕಾಗುತ್ತದೆ. ಫ್ಯಾನಿನ ದೀಪ, ಗಾಜಿನ ಬಾಗಿಲು ಎಲ್ಲದರಲ್ಲೂ ಉಳಿಸಿ ಇದರ ಮೇಲೆ ಹಾಕಿ. ಕ್ಯಾಬಿನೆಟ್ಟಿಗೆ ಗಾಳಿಯಾಡಲು ಮುಂದೆ ಜಾಲರಿ ಇದ್ದರೆ ಆಯಿತು.

ಎರಡನೇ ಕಂತು ಅವನು ಕೆಲಸಕ್ಕೆ ಸೇರಿ ಸಂಬಳ ತಂದ ಮೇಲೆ. ಆಗ ಆರ್‌ಎಕ್ಸ್ 6600ರ ಮಟ್ಟದ ಒಂದು ಕಾರ್ಡ್ ಸೇರಿಸಲಿ. ಅದು ಎಳೆಯುವುದು 132 ವ್ಯಾಟ್, ನೀವು ಕೊಂಡ ಎಸ್‌ಎಂಪಿಎಸ್ಸಿಗೆ ಹಗುರ. ಒಂದು ಮಾತು ಮುಚ್ಚಿಡಬಾರದು. 5600ಜಿಯ ಒಳಗಿನ ಕ್ಯಾಶ್ ಎಂಬ ಚುರುಕು ನೆನಪು 16 ಎಂಬಿ, ಗ್ರಾಫಿಕ್ಸ್ ಇಲ್ಲದ ಅದರ ಅಣ್ಣ 5600ರಲ್ಲಿ 32 ಎಂಬಿ. ಜನಜಂಗುಳಿಯ ಆಟಗಳಿಗೆ ಕ್ಯಾಶ್ ಬಹಳ ಒದಗುತ್ತದೆ, ಹಾಗಾಗಿ ಕಾರ್ಡ್ ಹಾಕಿದ ಮೇಲೂ 5600ಜಿ ಸ್ವಲ್ಪ ಹಿಂದೆ ಬೀಳುತ್ತದೆ. ಈಗಲೇ ಕಾರ್ಡ್ ಕೊಳ್ಳುವ ಶಕ್ತಿ ಇದ್ದಿದ್ದರೆ 5600 ತೆಗೆದುಕೊಳ್ಳಿ ಎನ್ನುತ್ತಿದ್ದೆ. ಅದಕ್ಕಾಗಿ ಸಾಲ ಮಾಡಬೇಡಿ, ಕಂತಿನ ಮೇಲೂ ಬೇಡ. ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಆರ್‌ಎಕ್ಸ್ 580ರಂಥ ಕಾರ್ಡಿಗೂ ಕೈ ಹಾಕಬೇಡಿ. ಅವುಗಳಲ್ಲಿ ಬಹಳಷ್ಟು ಕ್ರಿಪ್ಟೊ ಗಣಿಗಾರಿಕೆಯಲ್ಲಿ ಹಗಲೂ ರಾತ್ರಿ ದುಡಿದು, 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಗಣಿಗಾರಿಕೆ ನಿಂತ ಮೇಲೆ ಮಾರುಕಟ್ಟೆಗೆ ಬಂದು ಬಿದ್ದವು. ಕಚೇರಿಯಿಂದ ಹೊರಬಿದ್ದ ಇಡೀ ಕಂಪ್ಯೂಟರುಗಳೂ ಬೇಡ: ಆರನೇ, ಏಳನೇ ತಲೆಮಾರಿನ ಇಂಟೆಲ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ವಿಂಡೋಸ್ ಮಾತು ಬಂತು. ಕದ್ದ ವಿಂಡೋಸ್ ಹಾಕಿಸಿಕೊಳ್ಳಬೇಡಿ, ಅದರೊಟ್ಟಿಗೆ ಬರುವ ಕಳ್ಳ ತಂತ್ರಾಂಶ ಆಟದ ಖಾತೆಯನ್ನೂ ನಿಮ್ಮ ಬ್ಯಾಂಕ್ ಪಾಸ್‌ವರ್ಡನ್ನೂ ಒಯ್ಯಬಲ್ಲದು. ದುಡ್ಡು ಸಾಲದಿದ್ದರೆ ಲಿನಕ್ಸ್ ಹಾಕಲಿ. ಗಿಲ್ಡ್ ವಾರ್ಸ್ 2 ಸ್ಟೀಮ್‌ನಲ್ಲಿ ಸಿಗುತ್ತದೆ, ಪ್ರೋಟಾನ್ ಎಂಬ ಸೌಲಭ್ಯದ ಮೂಲಕ ಲಿನಕ್ಸಿನಲ್ಲೂ ಚೆನ್ನಾಗಿ ಓಡುತ್ತದೆ.

ಇನ್ನು ಯಾವ ಅಂಗಡಿಯಲ್ಲೂ ಸಿಗದ ಒಂದು ಸಂಗತಿ. ಈ ಆಟದ ಸರ್ವರುಗಳು ಇರುವುದು ಅಮೆರಿಕದ ಮತ್ತು ಯುರೋಪಿನ ಆಟಗಾರರಿಗಾಗಿ, ನಮ್ಮ ಕಡೆಗೆ ಬೇರೆ ಇಲ್ಲ. ಗೆಳೆಯರು ಎಲ್ಲಿದ್ದಾರೋ ಇವನೂ ಅಲ್ಲೇ ಸೇರಬೇಕು, ಸೇರುವ ಮೊದಲು ಕೇಳಿಕೊಳ್ಳಲಿ. ಯುರೋಪೇ ಇದ್ದರೆ ಒಳ್ಳೆಯದು. ಅಲ್ಲಿನ ಸರ್ವರುಗಳಿರುವ ಜರ್ಮನಿ ನಿಮ್ಮ ಮನೆಯಿಂದ ನೆಟ್ಟಗೆ ಅಳೆದರೂ ಏಳು ಸಾವಿರ ಕಿಲೋಮೀಟರಿಗೆ ಮೇಲೆ. ಗಾಜಿನ ನೂಲಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಹೋಗಿ ಬರಲು 70 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ಲುಗಳು ಅರಬ್ಬೀ ಸಮುದ್ರ, ಕೆಂಪು ಸಮುದ್ರ ಬಳಸಿ ಹೋಗುವುದರಿಂದ ಅದರ ಎರಡರಷ್ಟು ಎಂದೇ ಇಟ್ಟುಕೊಳ್ಳಿ. ಒಂದು ಲಕ್ಷದ ಕಂಪ್ಯೂಟರ್ ತಂದರೂ ಈ ಹೊತ್ತು ಕಡಿಮೆಯಾಗದು. ಅದೃಷ್ಟಕ್ಕೆ ಇದು ಕಣ್ಣು ಮಿಟುಕಿಸುವುದರೊಳಗೆ ಗುಂಡು ಹಾರಿಸುವ ಆಟವಲ್ಲ, ಆಡಲು ಅಡ್ಡಿಯಿಲ್ಲ. ನಿಮ್ಮ ಕೈಯಲ್ಲಿರುವುದು ಮನೆಯೊಳಗಿನ ದಾರಿ. ಹಳೆಯ ಮನೆಯ ದಪ್ಪ ಜಂಬಿಟ್ಟಿಗೆ ಗೋಡೆ ವೈಫೈಯನ್ನು ನುಂಗುತ್ತದೆ. ಮೋಡೆಮ್‌ನಿಂದ ಕಂಪ್ಯೂಟರಿನವರೆಗೆ ಕ್ಯಾಟ್ 6 ಲ್ಯಾನ್ ವೈರ್ ಎಳೆಸಿ, ಮೀಟರಿಗೆ ಕೆಲವೇ ರೂಪಾಯಿ. ಮೋಡೆಮ್‌ಗೆ ಒಂದು ಚಿಕ್ಕ ಯುಪಿಎಸ್ ಬೇರೆಯೇ ಇರಲಿ. ಆಡುವಾಗ ಡೇಟಾ ತೀರ ಕಡಿಮೆ ಸಾಕು. ಮೊದಲ ಡೌನ್‌ಲೋಡ್ ಮಾತ್ರ ದೊಡ್ಡದು, ರಾತ್ರಿ ಹಚ್ಚಿಟ್ಟು ಮಲಗಲಿ.

ಹೊತ್ತಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ರಾತ್ರಿ ಎಂಟಾದಾಗ ನಮ್ಮಲ್ಲಿ ಚಳಿಗಾಲದಲ್ಲಿ ಹನ್ನೆರಡೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಅಲ್ಲಿನವರ ಸಂಜೆಗೆ ಕಾದು ಕೂತರೆ ಇವನ ನಿದ್ದೆ ಹೋಗುತ್ತದೆ. ನಮ್ಮ ಹುಡುಗರು ಆನ್‌ಲೈನ್ ಆಟದಲ್ಲಿ ಬೆಳಗು ಮಾಡುವುದಕ್ಕೆ ಚಟದ ಜೊತೆಗೆ ಈ ಗಡಿಯಾರವೂ ಒಂದು ಕಾರಣ. ಈ ಆಟದ ದೊಡ್ಡ ಡ್ರ್ಯಾಗನ್ನುಗಳು ದಿನಕ್ಕೆ ಹಲವು ಸಲ, ನಿಗದಿಯಾದ ವೇಳೆಗೇ ಬರುತ್ತವೆ. ನಾಲ್ವರು ಗೆಳೆಯರೂ ಸೇರಿ ನಮ್ಮ ರಾತ್ರಿ ಎಂಟರಿಂದ ಹತ್ತರೊಳಗೆ ಬೀಳುವ ವೇಳೆಗಳನ್ನು ಆರಿಸಿ ಒಂದು ಪಟ್ಟಿ ಮಾಡಿಕೊಳ್ಳಲಿ. ದುಬೈಯವನು ನಮಗಿಂತ ಒಂದೂವರೆ ಗಂಟೆ ಹಿಂದೆ, ಅವನಿಗದು ಆರೂವರೆ. ಕೆಲಸದಿಂದ ಬರುವ ಹೊತ್ತಿಗೆ ಹೊಂದುತ್ತದೆಯೇ ಎಂದು ಕೇಳಿ ನೋಡಲಿ.

ಈಗ ಅಪ್ಪಯ್ಯ. ಓದಿಗೆ ಬೇಕೆಂದು ಹೇಳಬೇಡಿ. ಅವನು ರಾತ್ರಿಯ ನಿದ್ದೆಗೆಟ್ಟು ಸುಲಿದ ಅಡಿಕೆಯ ದುಡ್ಡು ಅದು. ಅದನ್ನು ಸುಳ್ಳಿನ ಮರೆಯಲ್ಲಿ ಖರ್ಚು ಮಾಡಿಸಿದರೆ, ಮೊದಲ ದಿನದಿಂದಲೇ ಆ ಹುಡುಗ ಕದ್ದು ಆಡುವವನಾಗುತ್ತಾನೆ. ಆಟಕ್ಕೇ ಎಂದು ಹೇಳಿ. ಅಪ್ಪಯ್ಯನ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕಬೇಡಿ, ಬಿಡಿಸಿ ಹೇಳಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿಯಂಥ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಅದೇ ಕಾಯ್ದೆ ಪಣವಿಲ್ಲದ ಆಟಗಳನ್ನು ಬೇರೆಯಾಗಿ ಇಟ್ಟಿದೆ. ತಮ್ಮ ಆಡಬೇಕೆಂದಿರುವುದು ಪಣವಿಲ್ಲದ್ದು. ಆದರೂ ಇದರಲ್ಲಿ ಒಂದು ಅಂಗಡಿ ಇದೆ. ಬಟ್ಟೆ, ಬಣ್ಣ, ಸವಾರಿಯ ಪ್ರಾಣಿಗಳ ವೇಷ ಇಂಥವನ್ನು ನಿಜವಾದ ದುಡ್ಡಿಗೆ ಕೊಳ್ಳಬಹುದು. ಅಲ್ಲಿ ತಿಂಗಳಿಗೆ ಎಷ್ಟು, ಅಥವಾ ಏನೂ ಇಲ್ಲ ಎಂಬುದನ್ನು ಅವನೇ ನಿರ್ಧರಿಸಿ ನಿಮಗೆ ಹೇಳಲಿ. ನಿಮ್ಮ ಯಾವ ಕಾರ್ಡೂ ಆ ಖಾತೆಯಲ್ಲಿ ಉಳಿಯದಿರಲಿ. ಕರೆಂಟು ಬಿಲ್ಲಿನ ಮಾತು ಬಂದರೆ ಲೆಕ್ಕ ಇಲ್ಲಿದೆ: ಮೊದಲ ಕಂತಿನ ಕಂಪ್ಯೂಟರ್, ಮಾನಿಟರ್ ಸೇರಿ ಸುಮಾರು 150 ವ್ಯಾಟ್ ಎಂದುಕೊಂಡರೂ ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಒಂಬತ್ತು ಯೂನಿಟ್.

ಚಟವಾದೀತೇ ಎಂಬ ಹೆದರಿಕೆಯನ್ನು ನೀವು ಬಾಯಿಬಿಟ್ಟು ಬರೆದಿಲ್ಲ, ಆದರೆ ಪತ್ರದಲ್ಲಿ ಅದು ಇದೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಅದರ ಲಕ್ಷಣ ಗಂಟೆಗಳ ಎಣಿಕೆಯಲ್ಲಿ ಇಲ್ಲ: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು, ಅದೂ ತಿಂಗಳುಗಟ್ಟಲೆ. ಅಂಥದ್ದು ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು. ಆದರೆ ಎರಡು ಸುಗ್ಗಿ ರಾತ್ರಿ ಕೂತು ಸುಲಿದು, ಬಂದ ದುಡ್ಡನ್ನು ಮುಟ್ಟದೆ ಕೂಡಿಟ್ಟ ಹುಡುಗನಿಗೆ ತನ್ನನ್ನು ತಾನು ಹಿಡಿದುಕೊಳ್ಳುವುದು ಗೊತ್ತಿದೆ. ಊರಲ್ಲಿ ಉಳಿದವನು ಅವನೊಬ್ಬ. ಗೆಳೆಯರ ದನಿ ಕೇಳುತ್ತಾ ಆಚೆ ಕೂರುವುದು ಅವನ ಆರೋಗ್ಯಕ್ಕೆ ಯಾವ ಒಳ್ಳೆಯದನ್ನೂ ಮಾಡುತ್ತಿಲ್ಲ. ಈ ದುಡ್ಡು ಹೊಳೆಗೆ ಹೋಗುವುದಿಲ್ಲ, ತಂಗಿ.

ಭಾಗಗಳನ್ನು ಕೊಳ್ಳಲು ನೀವೂ ಜೊತೆಗೆ ಹೋಗಿ. ಪ್ರತಿ ಭಾಗದ ಪೂರ್ತಿ ಹೆಸರು, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ, ಜಿಎಸ್‌ಟಿ ಬಿಲ್ಲೇ ಆಗಬೇಕು, ವಾರಂಟಿಗೆ ಅದೇ ಆಧಾರ. ಪ್ರೊಸೆಸರ್ ಡಬ್ಬಿಯ ಸಮೇತ ಕೊಡಲಿ. ಜೋಡಿಸುವುದನ್ನು ತಮ್ಮನೇ ಮಾಡಲಿ, ಒಂದು ಭಾನುವಾರದ ಕೆಲಸ.

ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ, ಅದು ನಿಮ್ಮಿಬ್ಬರಿಂದ ಆಗದು. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಎಂಥದ್ದೆಂದು ನಿಮಗೇ ಗೊತ್ತು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ, ಯಾವ ಯುಪಿಎಸ್ ಇಟ್ಟರೂ ಅದು ಸರಿಹೋಗದು. ಪಂಪ್‌ಸೆಟ್ ನಡೆಸುವವರಿಗೆ ಅರ್ಥಿಂಗ್, ವೋಲ್ಟೇಜು, ಸುಟ್ಟ ಮೋಟಾರು ಇವೆಲ್ಲ ಕೈಯ ಮೇಲಿನ ಗೆರೆಯಷ್ಟು ಪರಿಚಯ. ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ, ಕೊನೆಯ ಸಲ ಅದಕ್ಕೆ ನೀರು, ಉಪ್ಪು, ಇದ್ದಲು ಹಾಕಿದ್ದು ಯಾವಾಗ ಎಂದು ಅಪ್ಪಯ್ಯನನ್ನು ಕೇಳಿ. ಕಂಪ್ಯೂಟರ್ ಇಡುವ ಕೋಣೆಯ ಪ್ಲಗ್ಗಿಗೆ ಅದು ತಲುಪುತ್ತದೆಯೇ ಎಂದು ನೋಡಲು ಅವರಿಗೆ ಗೊತ್ತಿರುವ ಎಲೆಕ್ಟ್ರಿಷಿಯನ್ನನ್ನೇ ಕರೆಸಲಿ. ಈ ಮಾತನ್ನು ತಮ್ಮನೇ ಹೋಗಿ ಕೇಳಲಿ, ಚೀಟಿಯ ಹಿಂದೆ ಬರೆದಿರುವ ಆ ಹೆಸರನ್ನೂ ಅವನ ಬಾಯಿಂದಲೇ ಹೇಳಲಿ.